ಕಳ್ಳನಿಗೆ ನೀರಿರಲಿಲ್ಲ

ನವೆಂಬರ್ 6

ಪಾದ್ರಿ ತಮ್ಮನಿಗೆ,

ಅಕ್ಕನ ಆಶೀರ್ವಾದ. ಆಶೀರ್ವಾದ ಮಾಡುವುದು ನಿನ್ನ ಕೆಲಸ, ಗೊತ್ತು. ಆದರೂ ವಯಸ್ಸಿನಲ್ಲಿ ದೊಡ್ಡವಳು ನಾನಾದ್ದರಿಂದ ಮೊದಲು ನನ್ನದು. ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಎರಡು ಮಾತಾಡಿ ಮೂರನೆಯದಕ್ಕೆ ಪ್ರಾರ್ಥನೆ ಶುರು ಮಾಡುತ್ತೀಯ, ನಾನು ಕಣ್ಣು ಮುಚ್ಚಿಕೊಂಡು ನಿಂತುಬಿಡುತ್ತೇನೆ, ಕೇಳಬೇಕಾದದ್ದು ಹಾಗೇ ಉಳಿದುಹೋಗುತ್ತದೆ. ಅಲ್ಲದೆ ಅಪ್ಪ ಹಟ ಹಿಡಿದಿದ್ದಾನೆ. "ಬಾಯಿಮಾತು ಬೇಡ, ಬರೆದು ಕಳಿಸ್ಲಿ. ಬರೆದ್ಮೇಲೆ ಇಲ್ಲ ಅನ್ನಕ್ಕಾಗಲ್ಲ" ಎನ್ನುತ್ತಾನೆ.

ಹೌದು, ಅಪ್ಪ ನನ್ನ ಮನೆಯಲ್ಲಿದ್ದಾನೆ. ಆಸ್ಪತ್ರೆಯಿಂದ ನೇರ ಇಲ್ಲಿಗೇ ಕರೆದುಕೊಂಡು ಬಂದೆ. ನೀನು ಈಗ ಮುಖ ಗಂಟಿಕ್ಕಿಕೊಂಡದ್ದು ಇಲ್ಲಿಗೇ ಕಾಣುತ್ತಿದೆ. ಇನ್ನೆಲ್ಲಿಗೆ ಕಳಿಸಲಿ ಹೇಳು. ಬಟ್ಟೆ ಬಿಳಿ ಮಾಡುವ ವಿಭಾಗದಲ್ಲಿ ಅಷ್ಟು ವರ್ಷ ಬ್ಲೀಚಿಂಗ್ ಪುಡಿಯ ಹೊಗೆ ಕುಡಿದವನು. ನಾನೂ ಅದೇ ಕಾರ್ಖಾನೆಯಲ್ಲಿ ಬಣ್ಣ ಹಾಕಿದ ಬಟ್ಟೆ ಜಾಲಿಸುತ್ತೇನೆ. ಅವನ ಎದೆಯೊಳಗೆ ಏನಿದೆ ಎಂದು ಗೊತ್ತಿದ್ದೂ ಗೊತ್ತಿಲ್ಲದವಳ ಹಾಗೆ ಇರಲು ನನಗಾಗುವುದಿಲ್ಲ.

ವಿಷಯ ಇದು. ಆಸ್ಪತ್ರೆಯಲ್ಲಿ ಪಕ್ಕದ ಮಂಚದವನಿಗೆ ಅವನ ಹೆಂಡತಿ ದಿನಾ ಸುವಾರ್ತೆ ಓದಿ ಹೇಳುತ್ತಿದ್ದಳಂತೆ. ಅಪ್ಪ ಗೋಡೆಯ ಕಡೆ ತಿರುಗಿ, ನಿದ್ದೆ ಬಂದವನಂತೆ ಮಲಗಿ, ಎಲ್ಲ ಕೇಳಿಸಿಕೊಂಡಿದ್ದಾನೆ. ಅದರಲ್ಲಿ ಶಿಲುಬೆಯ ಮೇಲಿನ ಕಳ್ಳನ ಕತೆ ಅವನಿಗೆ ಅಂಟಿಕೊಂಡುಬಿಟ್ಟಿದೆ. ಯೇಸುವಿನ ಪಕ್ಕದಲ್ಲಿ ತೂಗುತ್ತಿದ್ದವನು, ನನ್ನನ್ನು ನೆನೆಸಿಕೋ ಎಂದು ಬಾಯಿಬಿಟ್ಟು ಕೇಳಿದ್ದಕ್ಕೆ ಅದೇ ದಿನ ಪರದೈಸು ಸಿಕ್ಕಿತಲ್ಲ, ಅವನು.

"ಆ ಕಳ್ಳ ಏನು ಕದ್ದಿದ್ನಂತೆ?" ಎಂದು ಕೇಳಿದ.

"ಅದೆಲ್ಲ ಬರೆದಿಲ್ಲಪ್ಪ."

"ಕದ್ದಿದ್ದನ್ನ ವಾಪಸ್ ಕೊಟ್ನಾ?"

"ಕೈಗೆ ಮೊಳೆ ಹೊಡೆದಿದಾರೆ, ಎಲ್ಲಿಂದ ಕೊಡ್ತಾನೆ?"

ಸ್ವಲ್ಪ ಹೊತ್ತು ಕೆಮ್ಮಿದ. ಆಮೇಲೆ, "ನಾನು ಕದ್ದಿದ್ದೂ ವಾಪಸ್ ಕೊಡಕ್ಕಾಗಲ್ಲ. ಕೊಡೋಣ ಅಂದ್ರೆ ಅವಳೇ ಇಲ್ಲ" ಎಂದ. ಅವಳು ಎಂದರೆ ಅಮ್ಮ. ಅವನು ಕದ್ದದ್ದೇನು ಎಂದು ನಿನಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಆ ದಿನ ಅಮ್ಮನ ಜೊತೆ ಆ ಕೋಣೆಯಲ್ಲಿ ನೀನೂ ಇದ್ದೆ.

ಈಗ ಅವನ ಪ್ರಶ್ನೆ: ಕಳ್ಳನಿಗೆ ಸಿಕ್ಕ ರಕ್ಷಣೆ ತನ್ನಂಥವನಿಗೂ ಸಿಗುತ್ತದೆಯೇ? "ನಿನ್ನ ತಮ್ಮನ್ನ ಕೇಳು. ಹೌದು ಅಂದ್ರೆ ಹೌದು, ಇಲ್ಲ ಅಂದ್ರೆ ಇಲ್ಲ. ಬಂದು ಹೇಳಿದ್ರೆ ಇನ್ನೂ ವಾಸಿ." ಒಂದು ಕಾಲದಲ್ಲಿ ನಿನ್ನನ್ನು ಪಾದ್ರಿ ಎಂದು ಹಂಗಿಸುತ್ತಿದ್ದ ಬಾಯಿ ಇದು. ಈಗ ಅದೇ ಪದವನ್ನು ಟೋಪಿ ತೆಗೆದವನ ಹಾಗೆ ಹೇಳುತ್ತಾನೆ.

ಹೋದ ಸಲ ಅಪ್ಪ ಸಾಯುತ್ತಿದ್ದಾನೆ ಎಂದು ಬರೆದು ನಿನ್ನನ್ನು ಕರೆಸಿದ್ದೆ. ನೀನು ಬಂದಾಗ ಅವನು ಎದ್ದು ಕೂತು ಸಿಗರೇಟು ಸೇದುತ್ತಿದ್ದ. ನೀನು ಹೊಸ್ತಿಲಲ್ಲೇ ತಿರುಗಿ ಹೋದೆ. ಅದಕ್ಕೇ ಈ ಸಲ ಕಾಯಿಲೆಯ ಪುರಾಣ ಬರೆಯುವುದಿಲ್ಲ. ಎದೆ ಸ್ವಲ್ಪ ಕಟ್ಟಿದೆ, ಅಷ್ಟೆ. ಆದರೂ ಬಾ.

ನಿನ್ನ ಅಕ್ಕ


ನವೆಂಬರ್ 21

ಕರ್ತನಲ್ಲಿ ಪ್ರಿಯಳಾದ ಅಕ್ಕನಿಗೆ ವಂದನೆಗಳು.

ನಿನ್ನ ಕಾಗದ ತಲುಪಿತು. ಒಬ್ಬ ಮನುಷ್ಯನು ಇಳಿವಯಸ್ಸಿನಲ್ಲಿ ದೇವರ ವಿಷಯ ವಿಚಾರಿಸುತ್ತಿದ್ದಾನೆ ಎಂಬುದು ಸಂತೋಷದ ಸಂಗತಿ. ಆದರೆ ಈ ಕಳ್ಳನ ವೃತ್ತಾಂತವನ್ನು ಜನರು ಬಹಳ ದುರುಪಯೋಗ ಮಾಡಿಕೊಂಡಿದ್ದಾರೆ. ಆಯುಷ್ಯವಿಡೀ ತಮಗೆ ಬೇಕಾದಂತೆ ಬದುಕಿ, ಕೊನೆಗೆ ಬಾಗಿಲು ಮುಚ್ಚುವ ಹೊತ್ತಿಗೆ ಕಾಲು ತೂರಿಸಲು ಬರುವವರೆಲ್ಲರೂ ಅವನ ಹೆಸರು ಹೇಳುತ್ತಾರೆ. ನನ್ನ ಸಭೆಯಲ್ಲಿಯೂ ಅಂಥವರಿದ್ದಾರೆ.

ದೇವರ ವಾಕ್ಯವನ್ನು ಸರಿಯಾಗಿ ಗಮನಿಸಬೇಕು. ನಂಬಬೇಕು ಮತ್ತು ದೀಕ್ಷಾಸ್ನಾನ ಹೊಂದಬೇಕು, ಆಗಲೇ ರಕ್ಷಣೆ ಎಂದು ಕರ್ತನು ಶಿಷ್ಯರಿಗೆ ಹೇಳಿದ್ದು ಶಿಲುಬೆಯ ನಂತರ. ಕಳ್ಳನು ಅದಕ್ಕಿಂತ ಮುಂಚಿನವನು. ಅವನ ಕೈಕಾಲುಗಳಿಗೆ ಮೊಳೆ ಹೊಡೆದಿದ್ದರು; ಇಳಿದು ನೀರಿನ ತನಕ ನಡೆಯುವುದು ಅವನಿಂದ ಸಾಧ್ಯವಿರಲಿಲ್ಲ. ಮೊಳೆ ಹೊಡೆದ ಕಾಲಿಗೆ ನಡೆ ಎಂದು ದೇವರು ಹೇಳುವುದಿಲ್ಲ. ಆದರೆ ಮಂಚದ ಮೇಲೆ ಮಲಗಿದ ಕಾಲಿಗೆ ಮೊಳೆ ಇಲ್ಲ. ನಡೆಯಬಲ್ಲವನು ಕಳ್ಳನ ಹಿಂದೆ ಅಡಗಿ ನಿಲ್ಲಬಾರದು.

ಇದನ್ನು ಅವರಿಗೆ ಓದಿ ಹೇಳು.

ನಾನು ಈಗ ಬರಲಾಗುವುದಿಲ್ಲ. ಸಭಾಮಂದಿರದ ಮಾಡು ಬಿಚ್ಚಿದ್ದಾರೆ, ವರ್ಷಾಂತ್ಯದ ಕೂಟಗಳು ಹತ್ತಿರ ಬಂದಿವೆ. ನಿನ್ನ ಆರೋಗ್ಯ ನೋಡಿಕೋ. ಬಣ್ಣದ ನೀರಿನಲ್ಲಿ ಕೈಯಿಟ್ಟು ನಿನ್ನ ಉಗುರುಗಳು ಹಾಳಾಗಿವೆ ಎಂದಿದ್ದೆಯಲ್ಲ, ಆ ಮುಲಾಮು ಹಚ್ಚುತ್ತಿರುವೆಯಾ?

ನಿನ್ನ ತಮ್ಮ


ಡಿಸೆಂಬರ್ 2

ತಮ್ಮಾ,

ಮುಲಾಮು ಹಚ್ಚುತ್ತಿದ್ದೇನೆ. ಉಗುರು ಮೊದಲಿನಷ್ಟೇ ನೀಲಿ.

ನಿನ್ನ ಕಾಗದ ಅಪ್ಪನಿಗೆ ಓದಿದೆ. ಎಲ್ಲವನ್ನೂ ಓದಲಿಲ್ಲ. ಬಾಗಿಲು ಮುಚ್ಚುವ ಹೊತ್ತಿಗೆ ಕಾಲು ತೂರಿಸುವವರು ಎಂಬುದನ್ನು ನುಂಗಿಕೊಂಡೆ. ಅವನು ನನ್ನ ಕೈಯತ್ತಲೇ ನೋಡುತ್ತಿದ್ದ. "ಇಷ್ಟೇನಾ? ಅಲ್ಲಿ ತುಂಬ ಬರೆದಿರೋ ಹಾಗಿದೆ. ಬೈದಿರೋದನ್ನ ಬಿಟ್ಟು ಓದಿದ್ಯಾ?" ಎಂದು ನಕ್ಕ. ನಗು ಕೆಮ್ಮಾಯಿತು. ಕೆಮ್ಮು ನಿಂತ ಮೇಲೆ, "ಸರಿಯಾಗೇ ಬರೆದಿದಾನೆ ಬಿಡು. ಬುದ್ಧಿ ಇದೆ. ಯಾರ ಮಗ" ಎಂದ.

ಅವನಿಗೆ ಸಿಟ್ಟು ಬರುತ್ತದೆ ಎಂದುಕೊಂಡಿದ್ದೆ. ಸಿಟ್ಟಿನ ಅಪ್ಪನನ್ನು ಹೇಗೆ ನಿಭಾಯಿಸಬೇಕೆಂದು ನಮಗಿಬ್ಬರಿಗೂ ಗೊತ್ತು. ಪಾತ್ರೆಗಳನ್ನು ಎತ್ತಿಟ್ಟು ಹೊರಗೆ ಹೋಗಿಬಿಡುವುದು. ಹೀಗೆ ತಲೆಯಾಡಿಸುವ ಅಪ್ಪನ ಎದುರು ಏನು ಮಾಡಬೇಕೆಂದು ನನಗೆ ತಿಳಿಯುತ್ತಿಲ್ಲ.

ಈಗ ನನ್ನದೇ ಎರಡು ಪ್ರಶ್ನೆ. ಒಂದು, ಮಂಚದ ಮೇಲೇ ಕೂರಿಸಿ ತಲೆಯ ಮೇಲೆ ನೀರು ಸುರಿದರೆ ಆಗುವುದಿಲ್ಲವೇ? ಬೇರೆ ಸಭೆಗಳಲ್ಲಿ ಹಾಗೆ ಮಾಡುತ್ತಾರಲ್ಲ. ಅವನಿಗೆ ಓಡಾಡುವುದು ಸ್ವಲ್ಪ ಕಷ್ಟ.

ಇನ್ನೊಂದು ಅಮ್ಮನ ವಿಷಯ. ಕೇಳಬಾರದೆಂದು ಮೂರು ದಿನ ಸುಮ್ಮನಿದ್ದೆ, ಆಗಲಿಲ್ಲ. ಅಮ್ಮ ನೀರಿಗಿಳಿಯಬೇಕಿದ್ದ ಬೆಳಗ್ಗೆ ಅಪ್ಪ ಅವಳನ್ನೂ ನಿನ್ನನ್ನೂ ಹಿಂದಿನ ಕೋಣೆಗೆ ತಳ್ಳಿ ಹೊರಗಿನಿಂದ ಚಿಲಕ ಹಾಕಿ ಹೊಸ್ತಿಲ ಮೇಲೆ ಕೂತುಬಿಟ್ಟ. ನಾನು ಅಂಗಳದಲ್ಲಿ ನಿಂತು ನೋಡುತ್ತಿದ್ದೆ. ಪ್ರಾರ್ಥನೆಯವರು ಬಂದು ಕೂಗಿ ಹೋದರು. ಅಮ್ಮ ಬಾಗಿಲು ಬಡಿದಳು, ಆಮೇಲೆ ಬಡಿಯುವುದು ನಿಂತಿತು. ಅವಳು ಮತ್ತೆಂದೂ ಆ ಮಾತೆತ್ತಲಿಲ್ಲ, ವರ್ಷ ತಿರುಗುವುದರೊಳಗೆ ಹೋಗಿಯೂಬಿಟ್ಟಳು. ಮಣ್ಣು ಮಾಡಿ ಬಂದ ದಿನ ನಾನು, ಅಮ್ಮನಿಗೆ ದೀಕ್ಷಾಸ್ನಾನ ಆಗಲಿಲ್ಲವಲ್ಲ, ಅವಳ ಗತಿ ಏನು ಎಂದು ಅತ್ತೆ. ಆಗಿನ್ನೂ ಮೀಸೆ ಮೂಡದ ನೀನು ನನಗೆ ಹೇಳಿದೆ: "ಕಳ್ಳನಿಗೂ ನೀರಿರಲಿಲ್ಲ ಅಕ್ಕ. ಆದ್ರೂ ಹೋದ." ಆ ಒಂದು ಮಾತು ಹಿಡಿದುಕೊಂಡು ನಾನು ಇಷ್ಟು ದೂರ ಬಂದಿದ್ದೇನೆ. ಈಗ ಆ ಮಾತು ಬದಲಾಯಿತೇ? ಓದಿದವನು ನೀನು. ತಪ್ಪಾಗಿ ಕೇಳಿದ್ದರೆ ತಿದ್ದು.

ಅಕ್ಕ


ಡಿಸೆಂಬರ್ 14

ಅಕ್ಕನಿಗೆ,

ಅಮ್ಮನ ಮಾತು ಬೇರೆ. ಅವಳು ಹೊರಟು ನಿಂತಿದ್ದಳು, ಅವಳನ್ನು ತಡೆಯಲಾಯಿತು. ತಡೆದವನು ಯಾರೆಂದು ನೀನೇ ಬರೆದಿದ್ದೀ. ತಡೆಸಿಕೊಂಡವಳಿಗೆ ಇರುವ ಕನಿಕರವನ್ನೇ ತಡೆದವನು ತನಗೂ ಕೊಡಿ ಎಂದು ಕೇಳಿದರೆ ಅದಕ್ಕೆ ಪಶ್ಚಾತ್ತಾಪ ಎನ್ನುವುದಿಲ್ಲ. ಇಬ್ಬರನ್ನೂ ಒಂದೇ ಉಸಿರಿನಲ್ಲಿ ಹೇಳಬೇಡ.

ಸುರಿಯುವುದು ದೀಕ್ಷಾಸ್ನಾನವಲ್ಲ. ಚಿಮುಕಿಸುವುದೂ ಅಲ್ಲ. ಹಳೆಯ ಮನುಷ್ಯನು ಹೂಳಲ್ಪಟ್ಟು ಹೊಸ ಮನುಷ್ಯನು ಏಳಬೇಕು. ತಲೆಗೆ ಒಂದು ಹಿಡಿ ಮಣ್ಣು ಹಾಕಿ ಯಾರನ್ನಾದರೂ ಹೂತೆವು ಎನ್ನುತ್ತೇವೆಯೇ? ಅವರು ನಿಜವಾಗಿಯೂ ಮನಸ್ಸು ತಿರುಗಿಸಿದ್ದರೆ ನೀರಿಗೆ ಹೋಗಲಿ. ಪೂರ್ತಿ ಮುಳುಗಬೇಕು. ಓಡಾಡುವುದು ಸ್ವಲ್ಪ ಕಷ್ಟವಾದರೆ ಸ್ವಲ್ಪ ಕಷ್ಟಪಡಲಿ. ಅಮ್ಮನಿಗೆ ಆ ಕಷ್ಟವನ್ನಾದರೂ ಪಡಲು ಬಿಟ್ಟಿದ್ದರೇ?

ಸಭಾಪಾಲಕನೇ ಆಗಬೇಕೆಂದಿಲ್ಲ. ದೀಕ್ಷಾಸ್ನಾನ ಹೊಂದಿದ ವಿಶ್ವಾಸಿ ಯಾರು ಬೇಕಾದರೂ ಮಾಡಿಸಬಹುದು. ನೀನೇ ಮಾಡಿಸಬಹುದು. ಆದ್ದರಿಂದ ನಾನು ಬರುವ ಅಗತ್ಯವಿಲ್ಲ.

ತಮ್ಮ


ಜನವರಿ 11

ತಮ್ಮನಿಗೆ,

ಹೋದ ಭಾನುವಾರ ಅಪ್ಪ ನೀರಿಗಿಳಿದ. ನಾನೇ ಇಳಿಸಿದೆ.

ಶುಕ್ರವಾರ ತೀರಿಕೊಂಡ. ನಿನ್ನೆ ಮಣ್ಣಾಯಿತು. ಕಾರ್ಖಾನೆಯವರು ಬಂದಿದ್ದರು.

ಫೋನ್ ಮಾಡಲಿಲ್ಲ. ಮಾಡಿದ್ದರೆ ನೀನು ಬರುತ್ತಿದ್ದೆಯೋ ಇಲ್ಲವೋ ಎಂದು ನಾನು ಬಾಗಿಲು ನೋಡುತ್ತಾ ಕೂರಬೇಕಾಗುತ್ತಿತ್ತು.

ಅಕ್ಕ


ಜನವರಿ 20

ಕರ್ತನಲ್ಲಿ ಪ್ರಿಯಳಾದ ನನ್ನ ಅಕ್ಕನಿಗೆ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ನನಗೇ ಲೆಕ್ಕವಿಲ್ಲ. ದುಃಖವಾಗಬೇಕಿತ್ತು, ಆದರೆ ಅಕ್ಕ, ನಿಜ ಹೇಳುತ್ತೇನೆ, ಎದೆಯ ಮೇಲಿಂದ ಒಂದು ಕಲ್ಲು ಇಳಿದಂತಾಯಿತು. ಅವರು ಹೋಗುವುದಿಲ್ಲ ಎಂದುಕೊಂಡಿದ್ದೆ. ನಾನು ಅಷ್ಟು ಗಟ್ಟಿಯಾಗಿ ಬರೆದರೆ ಎಂದಿನಂತೆ ನಾಲ್ಕು ಕೆಟ್ಟ ಮಾತಾಡಿ ಗೋಡೆಯ ಕಡೆ ತಿರುಗಿ ಮಲಗುತ್ತಾರೆ ಎಂದುಕೊಂಡಿದ್ದೆ. ಅವರು ಎದ್ದು ನೀರಿನ ತನಕ ನಡೆದುಹೋದರು! ವಿಧೇಯರಾಗಿ, ಆ ಬಳಿಕ ವಾರವೂ ಕಳೆಯದೆ ಕರೆಯಲ್ಪಟ್ಟರು. ಇದರಲ್ಲಿ ದೇವರ ಕೈಯನ್ನು ಕಾಣದವನು ಕುರುಡನು.

ಭಾನುವಾರ ಸಭೆಯಲ್ಲಿ ಇದನ್ನೇ ಸಾಕ್ಷಿಯಾಗಿ ಹೇಳಿದೆ. ಸಂಜೆಯ ಹೊತ್ತಿಗೆ ಬಂದ ಕೂಲಿಯಾಳಿಗೂ ಯಜಮಾನನು ಪೂರ್ತಿ ಕೂಲಿ ಕೊಟ್ಟದ್ದನ್ನು ಓದಿ, ಆ ಕೂಲಿಯಾಳು ನನ್ನ ತಂದೆ ಎಂದೆ. ನನ್ನ ತಂದೆ ಎಂಬ ಮಾತನ್ನು ಆ ವೇದಿಕೆಯ ಮೇಲೆ ನಾನು ಆಡಿದ್ದು ಅದೇ ಮೊದಲು. ಜನ ಅತ್ತರು. ಕಾಯಿಲೆಯಲ್ಲಿರುವ ಇಬ್ಬರು ಹಿರಿಯರು ತಾವೂ ನೀರಿಗಿಳಿಯುವುದಾಗಿ ಮುಂದೆ ಬಂದಿದ್ದಾರೆ.

ನಮ್ಮ ಸಭೆಯ ಮಾಸಪತ್ರಿಕೆಗೆ ಇದನ್ನು ಬರೆಯಬೇಕೆಂದಿದ್ದೇನೆ. ಅದಕ್ಕೆ ಕೆಲವು ವಿವರ ಬೇಕು. ಎಲ್ಲಿ ಆಯಿತು? ಯಾರು ಜೊತೆಗಿದ್ದರು? ಪೂರ್ತಿ ಮುಳುಗಿದರಷ್ಟೆ? ಇದನ್ನು ಕೇಳಲೇಬೇಕಾಗುತ್ತದೆ, ತಪ್ಪು ತಿಳಿಯಬೇಡ. ಅವರ ಕೊನೆಯ ಮಾತೇನು? ಅಮ್ಮನ ಬಗ್ಗೆ ಏನಾದರೂ ಅಂದರೇ?

ನಿನ್ನ ಪ್ರೀತಿಯ ತಮ್ಮ


ಫೆಬ್ರವರಿ 3

ತಮ್ಮಾ,

ವಿವರ ಬೇಕೆಂದೆಯಲ್ಲ, ತಗೋ.

ಎಲ್ಲಿ ಎಂದರೆ, ನಾನು ಕೆಲಸ ಮಾಡುವ ಜಾಲಿಸುವ ತೊಟ್ಟಿಯಲ್ಲಿ. ನನ್ನ ಮನೆಯಲ್ಲಿ ಬಕೆಟ್ಟಿದೆ, ಡ್ರಮ್ಮಿದೆ, ಮನುಷ್ಯ ಮುಳುಗುವಂಥದ್ದು ಯಾವುದೂ ಇಲ್ಲ. ನದಿಯಲ್ಲಿ ನಮ್ಮ ಕಾರ್ಖಾನೆಯ ಬಣ್ಣವೇ ಹರಿಯುತ್ತದೆ. ಆ ವಾರ ಅದು ಕೆಂಪಗಿತ್ತು. ಶನಿವಾರ ಕೆಲಸ ಮುಗಿದ ಮೇಲೆ ತೊಟ್ಟಿ ತೊಳೆದು ಸೋಮವಾರಕ್ಕೆಂದು ಶುದ್ಧ ನೀರು ತುಂಬಿಸಿಡುತ್ತಾರೆ. ಬಣ್ಣವಿಲ್ಲದ ನೀರು ಅದರಲ್ಲಿರುವುದು ಭಾನುವಾರ ಮಾತ್ರ. ಭಾನುವಾರ ಬಾಯ್ಲರ್ ಆರಿರುತ್ತದೆ. ಅಂದರೆ ನೀರು ಎಷ್ಟು ತಣ್ಣಗಿತ್ತೆಂದು ನಾನು ಹೇಳಬೇಕಾಗಿಲ್ಲ, ಅದು ಜನವರಿ.

ಜೊತೆಗಿದ್ದವನು ಬಾಯ್ಲರ್ ಮಾವ. ಅಪ್ಪನ ಹಳೆಯ ಸ್ನೇಹಿತ, ಕಾರ್ಖಾನೆಯ ಬಾಯ್ಲರ್ ನೋಡಿಕೊಳ್ಳುವವನು, ಬೀಗದ ಕೈ ಅವನ ಹತ್ತಿರವೇ ಇರುತ್ತದೆ. ಅವನಿಗೆ ದೇವರೂ ಇಲ್ಲ ದಿಂಡರೂ ಇಲ್ಲ. "ನಿಮ್ಮಪ್ಪಂಗೆ ಸ್ನಾನ ಮಾಡ್ಸಕ್ಕೆ ಇಷ್ಟು ವರ್ಷ ಬೇಕಾಯ್ತಾ?" ಎಂದು ಗೊಣಗಿಕೊಂಡೇ ಬಟ್ಟೆ ಸಾಗಿಸುವ ಕೈಗಾಡಿಯಲ್ಲಿ ಅಪ್ಪನನ್ನು ಕೂರಿಸಿ ತಳ್ಳಿಕೊಂಡು ಬಂದ.

ನಡೆದುಹೋದರು ಎಂದು ನೀನು ಬರೆದಿದ್ದೀ. ಅಪ್ಪ ನಡೆಯಲಿಲ್ಲ. ನಡೆದು ಬಹಳ ಕಾಲವಾಗಿತ್ತು. ನಾನು ನಿನಗೆ ಬರೆಯದೆ ಬಿಟ್ಟದ್ದು ಇದು: ಅವನು ಮೂಗಿಗೆ ಕೊಳವೆ ಹಾಕಿಕೊಂಡು ಸಿಲಿಂಡರಿನ ಗಾಳಿ ಎಳೆಯುತ್ತಿದ್ದ. ಆಸ್ಪತ್ರೆಯಿಂದ ಕಳಿಸುವಾಗ ಡಾಕ್ಟರು, "ತಲೆಗೆ ನೀರು ಹಾಕ್ಬೇಡಿ, ಒದ್ದೆ ಬಟ್ಟೇಲಿ ಮೈ ಒರೆಸಿ ಸಾಕು. ತಂಡಿ ತಗುಲಿದ್ರೆ ಮತ್ತೆ ಇಲ್ಲಿಗೆ ತರೋದೂ ಬೇಡ" ಎಂದಿದ್ದರು. ಎದೆ ಸ್ವಲ್ಪ ಕಟ್ಟಿದೆ, ಓಡಾಡುವುದು ಸ್ವಲ್ಪ ಕಷ್ಟ ಎಂದು ಬರೆದೆ ನಾನು. ನಿಜ ಬರೆದರೆ, ಅಕ್ಕ ಮತ್ತೆ ನಾಟಕ ಶುರು ಮಾಡಿದಳು ಎಂದು ನೀನು ಕಾಗದ ಮಡಚಿಡುತ್ತೀಯ ಎಂದು ಹೆದರಿದೆ. ನೀನು ಬರಲಿ ಎಂದು ಕಾಯಿಲೆ ಮುಚ್ಚಿಟ್ಟೆ. ಹೇಗಿದೆ ನೋಡು ನನ್ನ ಬುದ್ಧಿ.

ನಿನ್ನ ಡಿಸೆಂಬರಿನ ಕಾಗದ ಬಂದ ದಿನ ಅವನಿಗೆ ಓದಿ ಹೇಳಲೇ ಇಲ್ಲ ನಾನು. ಮಾರನೆಯ ದಿನ ಕೆಲಸದಿಂದ ಬರುವಷ್ಟರಲ್ಲಿ, ಮಂಚದ ಪಕ್ಕದ ಹಾಸಿಗೆಯಲ್ಲಿ ನನ್ನ ದಿಂಬಿನ ಕೆಳಗೆ ಇಟ್ಟದ್ದನ್ನು ಅವನೇ ತೆಗೆದು ಓದಿಕೊಂಡಿದ್ದ. "ಪೂರ್ತಿ ಮುಳುಗ್ಬೇಕಂತೆ" ಎಂದ. ಡಾಕ್ಟರ ಮಾತು ನೆನಪಿಸಿದೆ. "ಡಾಕ್ಟರು ಹೇಳಿದ್ದು ಈ ಎದೆ ವಿಷಯ. ಅವನು ಹೇಳ್ತಿರೋದು ಆಮೇಲಿನದ್ದು. ಈ ಎದೇನ ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?" ನಾನು ಬೇಡ ಎಂದೆ. ಮಾರನೆಯ ದಿನವೂ ಬೇಡ ಎಂದೆ. ಆಮೇಲೆ ನನಗೇ ಭಯ ಹತ್ತಿತು. ನನ್ನ ಮಾತು ಕೇಳಿ ಮಂಚದ ಮೇಲೇ ಸತ್ತು, ನೀನು ಬರೆದದ್ದೇ ನಿಜವಾಗಿಬಿಟ್ಟರೆ? ಅಮ್ಮನನ್ನು ಅವನು ತಡೆದ ಹಾಗೆ ಅವನನ್ನು ನಾನು ತಡೆದ ಹಾಗಾಗುತ್ತದಲ್ಲ? ಆಗ ಹೂಂ ಎಂದೆ.

ಬಿಳಿ ಅಂಗಿ ಹಾಕಿಸಿದ್ದೆ. ತೊಟ್ಟಿಯ ಹತ್ತಿರ ಕೊಳವೆ ತೆಗೆದಾಗ ತುಟಿ ಆಗಲೇ ನೀಲಿ. ಬಾಯ್ಲರ್ ಮಾವನಿಗೆ, "ನಾನು ಮುಳುಗಿ ನೀರು ಕಪ್ಪಾದ್ರೆ ಸೋಮವಾರದ ಬಟ್ಟೆ ಕೆಟ್ಟೀತು, ಸುಪರ್ವೈಸರಿಗೆ ನನ್ನ ಹೆಸರು ಹೇಳ್ಬೇಡ" ಎಂದ. ಮಾವ ನಗಲಿಲ್ಲ. ನಾನು ಒಳಗಿಳಿದು ನಿಂತೆ, ನೀರು ನನ್ನ ಎದೆಯ ತನಕ. ಮಾವ ಅವನನ್ನು ಮಗುವನ್ನು ಕೊಡುವ ಹಾಗೆ ನನ್ನ ತೋಳಿಗೆ ಇಳಿಸಿದ. ನಮ್ಮನ್ನೆಲ್ಲ ಅಷ್ಟೊಂದು ಹೊಡೆದ ಮನುಷ್ಯ, ಒಂದು ಒದ್ದೆ ಬಟ್ಟೆಯ ಗಂಟಿಗಿಂತ ಹಗುರವಾಗಿದ್ದ. ನನ್ನ ದೀಕ್ಷಾಸ್ನಾನದ ದಿನ ನೀನು ಹೇಳಿದ ಮಾತುಗಳನ್ನೇ ನಾನೂ ಹೇಳಿ ಅವನನ್ನು ಹಿಂದಕ್ಕೆ ಬಾಗಿಸಿ ಮುಳುಗಿಸಿದೆ.

ಎತ್ತಿದಾಗ ಕಣ್ಣು ತೆರೆದಿತ್ತು, ಬಾಯಿ ತೆರೆದಿತ್ತು, ಉಸಿರು ಬರಲಿಲ್ಲ. ಆಮೇಲೆ ಬಂತು. ಬಂದದ್ದು ಎಂಥ ಉಸಿರೆಂದು ಬರೆಯಲಾರೆ. ಗೋಣಿಚೀಲ, ಬಟ್ಟೆಯ ಥಾನು, ಸಿಕ್ಕಿದ್ದನ್ನೆಲ್ಲ ಸುತ್ತಿದೆವು. ನಡುಕ ಮನೆ ಸೇರುವ ತನಕ ನಿಲ್ಲಲಿಲ್ಲ. ಸಂಜೆಗೆ ಜ್ವರ. ಅಲ್ಲಿಂದ ಶುಕ್ರವಾರದ ತನಕ ಅವನು ಪಟ್ಟದ್ದನ್ನು ನಿನ್ನ ಮಾಸಪತ್ರಿಕೆಗೆ ಬರೆಯಬೇಡ. ಕರೆಯಲ್ಪಟ್ಟರು ಎಂದೆಯಲ್ಲ. ಅವನನ್ನು ಯಾರೂ ಕರೆಯಲಿಲ್ಲ. ನೀನು ಬರೆದೆ, ನಾನು ಮುಳುಗಿಸಿದೆ.

ಜಗಳಕ್ಕೆ ಬರೆಯುತ್ತಿಲ್ಲ. ನನಗೆ ಒಂದು ಉತ್ತರ ಬೇಕು. ಪೂರ್ತಿ ಮುಳುಗಿದರಷ್ಟೆ ಎಂದು ಕೇಳಿದ್ದೀ. ಇಲ್ಲ. ತೊಟ್ಟಿಯ ಪಕ್ಕಕ್ಕೆ ಹತ್ತಿ ಇಳಿಯಲು ಕಬ್ಬಿಣದ ಏಣಿ ಇದೆ. ಅಪ್ಪ ಬಲಗೈಯಿಂದ ಅದರ ಮೇಲಿನ ಕಂಬಿ ಹಿಡಿದುಕೊಂಡಿದ್ದ, ಬಿಡಲಿಲ್ಲ. ಭಯವಾಗಿತ್ತು ಅವನಿಗೆ. ಬಿಡಿಸಲು ನನಗೆ ಮನಸ್ಸು ಬರಲಿಲ್ಲ. ಮೈಯೆಲ್ಲ ಒಳಗೆ ಹೋಯಿತು, ಆ ಕೈ ಮಾತ್ರ ಮೇಲೆ ಒಣಗಿಯೇ ಉಳಿಯಿತು. ಈಗ ನಿನ್ನ ವಾಕ್ಯದ ಪ್ರಕಾರ ಅಪ್ಪ ಒಳಗಿದ್ದಾನೋ ಹೊರಗಿದ್ದಾನೋ ಹೇಳು. ಇದಕ್ಕಾಗಿಯೇ ಅವನನ್ನು ಕೊಂದದ್ದು. ಆದದ್ದಾದರೂ ಆಯಿತೋ ಇಲ್ಲವೋ ನನಗೆ ತಿಳಿಯಬೇಕು.

ಮುಂದೆ ಬಂದಿದ್ದಾರೆ ಎಂದೆಯಲ್ಲ ಆ ಇಬ್ಬರು ಹಿರಿಯರು, ಅವರನ್ನು ಸದ್ಯಕ್ಕೆ ಬಿಟ್ಟುಬಿಡು.

ಅಕ್ಕ


ಮಾರ್ಚ್ 30

ತಮ್ಮಾ,

ನನ್ನ ಕಾಗದ ಸಿಕ್ಕಿತೋ ಇಲ್ಲವೋ. ಫೋನೂ ಎತ್ತುತ್ತಿಲ್ಲ.

ತೊಟ್ಟಿಯ ಮುಂದೆ ದಿನವಿಡೀ ನಿಂತೇ ಇರುತ್ತೇನೆ. ಆ ಏಣಿ ಎದುರಿಗೇ ಇದೆ. ಹೌದೋ ಇಲ್ಲವೋ, ಒಂದೇ ಒಂದು ಮಾತು ಬರೆದು ಹಾಕು.

ಅಕ್ಕ


ಮೇ 17

ಅಕ್ಕಾ,

ಕಾಗದ ಸಿಕ್ಕಿತ್ತು. ಉತ್ತರ ಬರೆದೆ, ಹರಿದೆ. ಆ ಕೈಯ ವಿಷಯಕ್ಕೆ ಪುಸ್ತಕಗಳಲ್ಲಿ ಹುಡುಕಿದೆ ಎಂದರೆ ನೀನು ನಂಬುತ್ತೀಯಾ? ಮೇಜಿನ ಮೇಲೆ ವ್ಯಾಖ್ಯಾನಗಳನ್ನು ಹರಡಿಕೊಂಡು, ಒಬ್ಬ ಮನುಷ್ಯನ ಎಷ್ಟು ಭಾಗ ಒದ್ದೆಯಾದರೆ ಸಾಕು ಎಂದು ಹುಡುಕುತ್ತಿದ್ದೆ. ಒಂದು ದಿನ ನನ್ನ ಮೇಲೆ ನನಗೇ ಅಸಹ್ಯವಾಗಿ ಎಲ್ಲ ಮುಚ್ಚಿಟ್ಟೆ.

ನಿನಗೆ ಹೇಳದೆ ಇಟ್ಟುಕೊಂಡದ್ದು ನನ್ನ ಹತ್ತಿರವೂ ಇದೆ. ಆ ದಿನ ಕೋಣೆಯೊಳಗೆ ಬಾಗಿಲು ಬಡಿಯುವ ಸದ್ದು ನಿಂತಿತು ಎಂದೆಯಲ್ಲ. ಯಾಕೆ ನಿಂತಿತು ಗೊತ್ತಾ? ಮೂಲೆಯಲ್ಲಿ ಕುಡಿಯುವ ನೀರಿನ ಚೊಂಬಿತ್ತು. ಅಮ್ಮ ಅದನ್ನು ತಂದು ನನ್ನ ಕೈಗೆ ಕೊಟ್ಟು ನೆಲದ ಮೇಲೆ ಮಂಡಿಯೂರಿದಳು. "ಸುರಿ ಪುಟ್ಟ" ಎಂದಳು. ನಾನು ಸುರಿದೆ. ನನಗೆ ಯಾವ ಮಾತೂ ಗೊತ್ತಿರಲಿಲ್ಲ, ಸುಮ್ಮನೆ ಸುರಿದೆ. ಅವಳು ಕೂದಲು ಹಿಂಡಿಕೊಂಡು ನಕ್ಕಳು. "ಆಯ್ತು, ಇನ್ನು ಅವರು ಯಾವಾಗ ಬೇಕಾದ್ರೂ ತೆಗೀಲಿ" ಎಂದಳು. ಅದಕ್ಕೇ ಅವಳು ಮತ್ತೆ ಆ ಮಾತೆತ್ತಲಿಲ್ಲ. ಅವಳ ಪಾಲಿಗೆ ಆಗಿಹೋಗಿತ್ತು.

ಆಮೇಲೆ ನಾನು ಓದಲು ಹೋದೆ. ಸುರಿಯುವುದು ಲೆಕ್ಕಕ್ಕಿಲ್ಲ ಎಂದು ಕಲಿಸಿದರು. ಅಮ್ಮನ ಚೊಂಬಿನ ವಿಷಯ ಯಾರ ಎದುರೂ ಬಾಯಿಬಿಡಲಿಲ್ಲ ನಾನು, ಇಲ್ಲ ಎಂದುಬಿಟ್ಟಾರು ಎಂಬ ಭಯ. ಅವಳಿಗೋಸ್ಕರ ಕಳ್ಳನನ್ನು ಇಟ್ಟುಕೊಂಡಿದ್ದೆ. ನೀನು ಅಪ್ಪನಿಗೂ ಕಳ್ಳನನ್ನು ಕೇಳಿದೆ. ಸುರಿದರೆ ಸಾಲದೇ ಎಂದು ಕೇಳಿದೆ. ಅಮ್ಮನಿಗೆ ಸಿಕ್ಕ ಬಾಗಿಲು ಅದೊಂದೇ, ಅದರಿಂದಲೇ ಇವನೂ ಹೋದರೆ, ಅಲ್ಲಿಯೂ ಅವಳು ಇವನ ಕಾಲ ಸದ್ದಿಗೆ ಬೆಚ್ಚಿಬೀಳಬೇಕೇ ಎನಿಸಿತು. ಅವನು ಅಲ್ಲಿಗೆ ಹೋಗುವುದು ನನಗೆ ಬೇಡವಾಗಿತ್ತು ಅಕ್ಕ. ಅದನ್ನೇ ವಾಕ್ಯದ ಮಾತಿನಲ್ಲಿ ಬರೆದೆ. ಅವನ ಕಾಯಿಲೆ ಎಷ್ಟಿತ್ತೆಂದು ನನಗೆ ಗೊತ್ತಿರಲಿಲ್ಲ, ನಿಜ. ನಾನು ಕೇಳಲೂ ಇಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬರೆಯುತ್ತೇನೆ. ಮಣ್ಣು ಮಾಡಿದ ದಿನ ನಿನಗೆ ಹೇಳಿದ್ದೇ ಸರಿ. ಕಳ್ಳನಿಗೆ ನೀರಿರಲಿಲ್ಲ. ಕೇಳಿದ, ಸಿಕ್ಕಿತು. ಅಪ್ಪ ನವೆಂಬರಿನಲ್ಲಿ ನಿನ್ನನ್ನು ಕೇಳಿದಾಗಲೇ ಅದು ಆಗಿಹೋಗಿತ್ತು. ಆ ಕೈಯ ಚಿಂತೆ ಬಿಡು.

ಸಭೆಯಲ್ಲಿ ಇದನ್ನು ಇನ್ನೂ ಹೇಳಿಲ್ಲ. ಜನ ಈಗಲೂ ಆ ಸಾಕ್ಷಿಯನ್ನು ನೆನೆಸಿ ನನ್ನ ಕೈ ಹಿಡಿದುಕೊಳ್ಳುತ್ತಾರೆ. ಆ ಇಬ್ಬರು ಹಿರಿಯರಲ್ಲಿ ಒಬ್ಬರು ಇಳಿದರು, ಅವರಿಗೇನೂ ಆಗಲಿಲ್ಲ. ಇನ್ನೊಬ್ಬರು ಕಾಯುತ್ತಿದ್ದಾರೆ.

ತಮ್ಮ


ಜೂನ್ 1

ತಮ್ಮಾ,

ಉತ್ತರ ಸಿಕ್ಕಿತು. ಅಮ್ಮ ಕೂದಲು ಹಿಂಡಿಕೊಂಡು ನಕ್ಕಳು ಎಂದು ಬರೆದದ್ದನ್ನು ಮತ್ತೆ ಮತ್ತೆ ಓದಿದೆ. ಆ ಬಾಗಿಲಿನ ಹೊರಗೆ ನಿಂತು ಇಷ್ಟು ವರ್ಷ ನಾನು ಅಳುತ್ತಲೇ ಇದ್ದೆ, ಒಳಗೆ ಅವಳು ನಗುತ್ತಿದ್ದಳು. ಒಂದು ಮಾತು ಹೇಳಬಾರದಿತ್ತೇ ನೀನು?

ಮಿಕ್ಕದ್ದನ್ನು ಏನು ಮಾಡಲಿ? ನವೆಂಬರಿನಲ್ಲಿ ಇದೇ ಉತ್ತರ ಬರೆದಿದ್ದರೆ ಒಂದು ಅಂಚೆಯಲ್ಲಿ ಮುಗಿಯುತ್ತಿತ್ತು. ಸುರಿ ಎಂದಿದ್ದರೂ ಸಾಕಿತ್ತು. ಚೊಂಬು ನಮ್ಮ ಮನೆಯಲ್ಲೂ ಇದೆ, ಒಲೆಯ ಮೇಲೆ ಬಿಸಿನೀರು ಯಾವಾಗಲೂ ಇರುತ್ತದೆ. ಈಗ ಬರೆದಿರುವುದು ಅಪ್ಪನಿಗಲ್ಲ, ನನ್ನನ್ನು ಸಮಾಧಾನ ಮಾಡಲು. ನಿನಗೆ ಬೇಕಾದಾಗ ಇಲ್ಲವಾದದ್ದು ನಿನಗೆ ಬೇಕಾದಾಗ ಹೌದಾಗುತ್ತದೆ. ನಾನು ಇದನ್ನು ನಂಬಬೇಕೆಂದೇ ಇದ್ದೇನೆ, ಆದರೆ ಏಣಿಯ ಎದುರು ನಿಂತಾಗ ಆಗುವುದಿಲ್ಲ.

ಕೊನೆಯ ಮಾತೇನು, ಅಮ್ಮನ ಬಗ್ಗೆ ಏನಾದರೂ ಅಂದರೇ ಎಂದು ನೀನು ಕೇಳಿದ್ದೆ. ಫೆಬ್ರವರಿಯಲ್ಲಿ ಬೇಕೆಂದೇ ಬರೆಯಲಿಲ್ಲ, ಪತ್ರಿಕೆಯಲ್ಲಿ ಹಾಕಿಬಿಡುತ್ತೀಯ ಎಂದು. ಗುರುವಾರ ಮಧ್ಯಾಹ್ನ, ಜ್ವರ ಸ್ವಲ್ಪ ಇಳಿದಿತ್ತು. ಅವಳ ಹತ್ತಿರ ಹೋಗುತ್ತೀಯಪ್ಪ, ಹೆದರಬೇಡ ಎಂದೆ.

"ನಾನೆಲ್ಲಿ ಅವಳ ಹತ್ರ ಹೋಗ್ಲಿ" ಎಂದ. "ಅವಳು ಒಳಗಿಂದ ಚಿಲಕ ಹಾಕ್ಕೊಂಡಿರ್ತಾಳೆ. ಹಾಕ್ಕೊಳ್ಲಿ. ನಾನು ಬಾಗಿಲು ಬಡಿಯಲ್ಲ, ಹೊಸ್ತಿಲ ಮೇಲೆ ಕೂತಿರ್ತೀನಿ. ನಿನ್ನ ತಮ್ಮಂಗೆ ಹೇಳು, ನಾನು ಒಳಗೆ ಹೋಗಲ್ಲ ಅಂತ. ಅವನಿಗೆ ಆ ಯೋಚನೆ ಇದೆ."

ನಿನ್ನ ಕಾಗದವನ್ನು ಅವನು ನನಗಿಂತ ಚೆನ್ನಾಗಿ ಓದಿದ್ದ. ಅದೇ ಅವನ ಕೊನೆಯ ಮಾತು.

ವಾಕ್ಯದ ಅರ್ಥ ಇನ್ನು ನನಗೆ ಬರೆಯಬೇಡ. ಮನೆಗೆ ಬರುವುದಾದರೆ ಬಾ, ಅಪ್ಪನ ಅಂಗಿಗಳಿವೆ, ಬಾಯ್ಲರ್ ಮಾವನಿಗೆ ಒಂದು ಕೊಟ್ಟೆ, ಮಿಕ್ಕವು ನಿನಗೆ ಆಗುತ್ತವೆ. ಸಭೆಯವರಿಗೆ ಏನು ಹೇಳುತ್ತೀಯೋ ನಿನಗೆ ಬಿಟ್ಟದ್ದು. ಆದರೆ ಕಾಯುತ್ತಿದ್ದಾರೆ ಎಂದೆಯಲ್ಲ ಆ ಇನ್ನೊಬ್ಬ ಹಿರಿಯರು, ಅವರನ್ನು ಇಳಿಸಲೇಬೇಕೆಂದಿದ್ದರೆ ಮೊದಲು ನೀರು ಬಿಸಿ ಮಾಡಿಸು. ಕೈಯಿಟ್ಟು ನೋಡು.

ಅಕ್ಕ